ಪಿನ್ನಕ್ಕ ಕಾದಿಟ್ಟ ಕೋಟು

ಪಿನ್ನಕ್ಕನ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗುಂಡುಪಿನ್ನುಗಳಿರುತ್ತಿದ್ದವು. ತುಟಿಯ ಎಡಮೂಲೆಯಲ್ಲಿ ಅವನ್ನು ಸಾಲಾಗಿ ಕಚ್ಚಿಕೊಂಡು ಬಲಮೂಲೆಯಿಂದ ಅರ್ಧ ಮಾತಾಡುತ್ತಿದ್ದಳು, ಉಳಿದರ್ಧವನ್ನು ಹುಬ್ಬಿಗೆ ಬಿಡುತ್ತಿದ್ದಳು. ಒಂದು ಹುಬ್ಬು ಏರಿದರೆ ತಿರುಗಿ ನಿಲ್ಲು ಎಂದು ಅರ್ಥ. ಎರಡೂ ಏರಿದರೆ ಉಸಿರು ಬಿಡು, ಹೊಟ್ಟೆ ಒಳಗೆಳೆದುಕೊಂಡು ನನ್ನ ಟೇಪಿಗೆ ಮೋಸ ಮಾಡಬೇಡ ಎಂದು. ಬೀದಿಯವರಿಗೆಲ್ಲ ಈ ಭಾಷೆ ಬರುತ್ತಿತ್ತು. ಅವಳನ್ನು ಪುಟ್ಟಿ ಎಂದು ಕರೆಯುವವರು ಇಬ್ಬರೇ ಇದ್ದರು. ತಾಯಿ ತೀರಿಕೊಂಡ ಮೇಲೆ ಒಬ್ಬಳೇ ಉಳಿದಳು. ಆ ಒಬ್ಬಳು, ಅವಳ ಅಕ್ಕ, ನಕ್ಷತ್ರಗಳ ನಡುವಿನ ಯುದ್ಧಕ್ಕೆ ಹೋಗಿದ್ದಳು.

ಅವರ ಹೊಲಿಗೆ ಅಂಗಡಿ ಆಕಾಶಹಡಗುಗಳು ಇಳಿಯುವ ಬಯಲಿಗೆ ಹೋಗುವ ರಸ್ತೆಯ ಕೊನೆಯ ಕಟ್ಟಡ. ಅಲ್ಲಿಂದಾಚೆಗೆ ತಂತಿಬೇಲಿ, ಗೇಟು, ಕಾವಲಿನವನು. ಸೈನ್ಯಕ್ಕೆ ಸೇರಿದವರು ಮೈಮೇಲಿನ ಸ್ವಂತ ಬಟ್ಟೆಯಲ್ಲಿ ಗೇಟು ದಾಟುವಂತಿರಲಿಲ್ಲ. ಹಾಗಾಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಮವಸ್ತ್ರ ತೊಟ್ಟು, ಬಿಚ್ಚಿದ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಹೋಗುವುದು ರೂಢಿಯಾಗಿತ್ತು. ಯಾರೂ ಬಟ್ಟೆಯನ್ನು ಮನೆಗೆ ಕಳಿಸುತ್ತಿರಲಿಲ್ಲ. ಬಟ್ಟೆ ಅಂಗಡಿಯಲ್ಲಿದ್ದರೆ ಅದನ್ನು ತೊಡಲು ತಾನೇ ಬರಬೇಕಲ್ಲ ಎಂಬುದು ಅವರ ಲೆಕ್ಕ. ಪಿನ್ನಕ್ಕನ ತಾಯಿ ಪ್ರತಿಯೊಬ್ಬರ ಬಟ್ಟೆಯ ಕಾಲರಿನ ಒಳಗೆ ಬೇರೆ ಬೇರೆ ಬಣ್ಣದ ದಾರದಲ್ಲಿ ಒಂದು ಗುರುತು ಹೊಲಿದು, ಮಡಿಸಿ, ಕಪಾಟಿನಲ್ಲಿಡುತ್ತಿದ್ದಳು.

ಇಡುವುದೇನೋ ಸುಲಭ. ಕಾಯುವುದು ಕಷ್ಟ. ಹಡಗು ಬೆಳಕಿನ ವೇಗದ ಹತ್ತಿರಕ್ಕೆ ಓಡಿದಷ್ಟೂ ಅದರೊಳಗಿನ ಕಾಲ ನಿಧಾನವಾಗುತ್ತದೆ. ಒಳಗಿದ್ದವರಿಗೆ ಅದು ಗೊತ್ತಾಗುವುದಿಲ್ಲ. ಅವರು ಉಣ್ಣುತ್ತಾರೆ, ಮಲಗುತ್ತಾರೆ, ಉಗುರು ಕತ್ತರಿಸಿಕೊಳ್ಳುತ್ತಾರೆ. ಅವರ ಉಗುರು ಮತ್ತೆ ಬೆಳೆಯುವಷ್ಟರಲ್ಲಿ ಇಲ್ಲಿ ಒಂದು ಮಗು ಹುಟ್ಟಿ ನಡೆಯಲು ಕಲಿತಿರುತ್ತದೆ. ಅಲ್ಲಿ ಎರಡು ವರ್ಷ ಕಾದಾಡಿ ಹಿಂದಿರುಗಿದವರಿಗೆ ಇಲ್ಲಿ ಸುಮಾರು ಐವತ್ತು ವರ್ಷ ಕಳೆದಿರುತ್ತಿತ್ತು. ಮೈ ಅದೇ, ಅಳತೆ ಅದೇ. ಬದಲಾಗುವುದು ಬಟ್ಟೆ. ನುಸಿ ಕೊರೆಯುತ್ತದೆ, ಎಲಾಸ್ಟಿಕ್ ಪುಡಿಯಾಗುತ್ತದೆ, ಜಿಪ್ಪಿಗೆ ತುಕ್ಕು ಹಿಡಿಯುತ್ತದೆ, ಮಡಿಕೆಯ ಗೆರೆಯಲ್ಲಿ ಬಣ್ಣ ಹೋಗುತ್ತದೆ. ಪಿನ್ನಕ್ಕ ವರ್ಷಕ್ಕೊಮ್ಮೆ ಪ್ರತಿಯೊಂದನ್ನೂ ತಾರಸಿಯ ಮೇಲೆ ಬಿಸಿಲಿಗೆ ಹಾಕುತ್ತಿದ್ದಳು, ಕೊಡವುತ್ತಿದ್ದಳು, ಹಿಂದಿನ ಸಲ ಮಡಿಸಿದ ಜಾಗ ಬಿಟ್ಟು ಬೇರೆ ಜಾಗದಲ್ಲಿ ಮಡಿಸುತ್ತಿದ್ದಳು. ನುಸಿಗುಳಿಗೆಯ ವಾಸನೆ ಅವಳ ಕೈಯಿಂದ ಊಟದ ಹೊತ್ತಿನಲ್ಲೂ ಹೋಗುತ್ತಿರಲಿಲ್ಲ.

ಅಂಗಡಿಗೆ ತಾಯಿ ಎರಡು ನಿಯಮ ಹಾಕಿಕೊಟ್ಟಿದ್ದಳು. ಒಂದು, ನಂಬಿ ಬಿಟ್ಟುಹೋದ ಬಟ್ಟೆಗೆ ತೇಪೆ ಹಾಕಬೇಕೇ ಹೊರತು ಹೊಸದು ಮಾಡಬಾರದು. ತೇಪೆ ಎದ್ದು ಕಂಡರೂ ಚಿಂತೆಯಿಲ್ಲ, ಮೊದಲು ಹೊಲಿದವರ ಹೊಲಿಗೆ ಉಳಿಯಬೇಕು. ಎರಡು, ಬಂದವರಿಗೆ ಇಲ್ಲೇ ಇರು ಎಂದು ಹೇಳಬಾರದು. ಬಂದವರಿಗೆ ಸೈನ್ಯ ಒಂದೇ ಒಂದು ದಿನ ಕೊಡುತ್ತಿತ್ತು. ಬೆಳಗ್ಗೆ ಬಸ್ಸು ತಂದು ಬಿಡುತ್ತದೆ, ಸಂಜೆ ಹಾರ್ನ್ ಹೊಡೆಯುತ್ತದೆ. ಹತ್ತಿದವರು ಮುಂದಿನ ಹಡಗಿಗೆ, ಹತ್ತದವರು ಊರಿಗೆ. ತಾಯಿ ಒಮ್ಮೆ ಮರುಗಿ ಒಬ್ಬನನ್ನು ಕಾಲಿಗೆ ಬಿದ್ದು ಬೇಡಿಕೊಂಡು ಉಳಿಸಿಕೊಂಡಿದ್ದಳಂತೆ. ಅವನು ಉಳಿದ. ಉಳಿದು, ಸಾಯುವವರೆಗೆ ಅಂಗಡಿಯ ಮೆಟ್ಟಿಲ ಮೇಲೆ ಬಯಲಿನ ಕಡೆ ಮುಖ ಮಾಡಿ ಕೂತಿದ್ದ. ಆಮೇಲೆ ತಾಯಿ ಯಾರಿಗೂ ಆ ಮಾತು ಹೇಳಲಿಲ್ಲ. ಸ್ವಂತ ಹಿರಿಮಗಳು ಸಮವಸ್ತ್ರ ತೊಟ್ಟು ನಿಂತಾಗಲೂ ಹೇಳಲಿಲ್ಲ. ಆ ಹೊತ್ತಿನಲ್ಲಿ ತಾಯಿ ಬಾಯಿಗೆ ಪಿನ್ನು ಹಾಕಿಕೊಂಡದ್ದನ್ನು ಪಿನ್ನಕ್ಕ ನೋಡಿದ್ದಳು. ಆಗ ಅವಳಿಗೆ ಎಂಟು ತುಂಬಿರಲಿಲ್ಲ.

ಹೇಳಬಾರದು, ಸರಿ. ಆದರೆ ಮಾಡಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ. ವರ್ಷಗಟ್ಟಲೆ ನೋಡಿ ಪಿನ್ನಕ್ಕ ಒಂದು ವಿಷಯ ಕಂಡುಕೊಂಡಿದ್ದಳು. ಬಂದವರು ತಮ್ಮ ಹಳೆಯ ಬಟ್ಟೆ ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತಾರಲ್ಲ, ಆ ಗಳಿಗೆಯೇ ಗಳಿಗೆ. ಗುಂಡಿ ಉದುರಿದರೆ, ಜಿಪ್ಪು ಸಿಕ್ಕಿಕೊಂಡರೆ, ಎಲ್ಲವೂ ಹಾಳಾಗಿಹೋಗಿದೆ ಎಂದು ಅವರಿಗೆ ಅನ್ನಿಸಿಬಿಡುತ್ತದೆ. ಬಟ್ಟೆ ಮೈಗೆ ಒಪ್ಪಿ ಕೂತರೆ ಕನ್ನಡಿಯಲ್ಲಿ ಗುರುತಿನವರೊಬ್ಬರು ಕಾಣುತ್ತಾರೆ. ಗುರುತಿನ ಒಂದು ಮುಖ ಸಿಕ್ಕರೆ ಊರಲ್ಲಿ ಇರಬಹುದು ಅನ್ನಿಸುತ್ತದೆ. ಅದಕ್ಕೆ ಅವಳು ಗುಂಡಿ ತೂರಿಸುವ ಒಂದೊಂದು ಕಾಜಕ್ಕೂ ಅಷ್ಟು ಹೊತ್ತು ಬಗ್ಗಿ ಕೂರುತ್ತಿದ್ದಳು.

ಎದುರಿನ ಸೈಕಲ್ ರಿಪೇರಿ ಅಂಗಡಿಯ ಉದ್ದಕಾಲ ಹಾಗೆ ಉಳಿದವನೇ. ಅವನು ಯುದ್ಧಕ್ಕೆ ಹೋದಾಗ ಪಿನ್ನಕ್ಕ ಇನ್ನೂ ಅಂಬೆಗಾಲಿಡುತ್ತಿದ್ದಳು. ಬಂದಾಗ ಅವಳಿಗೆ ಕನ್ನಡಕ ಬಂದಿತ್ತು, ಅವನಿಗೆ ಮೀಸೆ ಆಗ ತಾನೇ ಗಟ್ಟಿಯಾಗಿತ್ತು. ಪ್ಯಾಂಟು ತೊಟ್ಟು ಕನ್ನಡಿ ನೋಡಿದ. ಕೂತು ನೋಡಿದ, ಎದ್ದು ನೋಡಿದ. ಆಮೇಲೆ ನೆಲದ ಮೇಲೆ ಕಾಲು ಚಾಚಿಕೊಂಡು ಟೀ ಸಿಗುತ್ತದಾ ಎಂದು ಕೇಳಿದ. ಸಂಜೆ ಬಸ್ಸು ಹಾರ್ನ್ ಹೊಡೆದಾಗ ಅವನು ಅಂಗಡಿಯ ಹೊಲಿಗೆ ಮಿಷಿನ್ನಿನ ಪೆಡಲು ಸರಿಮಾಡುತ್ತಿದ್ದ. ಹುಟ್ಟಿದ ವರ್ಷ ಲೆಕ್ಕ ಹಾಕಿದರೆ ಅವನೇ ಹಿರಿಯ. ಆದರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ, ಜಗಳ ಬಂದಾಗ ಮಾತ್ರ ತನ್ನ ಹಿರಿತನ ನೆನಪಿಸುತ್ತಿದ್ದ.

ಅಕ್ಕನ ಹಡಗು ಬರುತ್ತಿದೆ ಎಂಬ ಸುದ್ದಿ ತಂದವನೂ ಅವನೇ. ಕೈಯೆಲ್ಲ ಗ್ರೀಸು, ಬಾಗಿಲಲ್ಲೇ ನಿಂತು ಹೇಳಿದ. ಪಿನ್ನಕ್ಕ ಸರಿ ಎಂದು ತಲೆಯಾಡಿಸಿದಳು. ಮಿಷಿನ್ನು ನಿಲ್ಲಿಸಲಿಲ್ಲ. ಆದರೆ ಆ ದಿನ ಅವಳು ಹೊಲಿದ ತೋಳು ಉಲ್ಟಾ ಆಗಿತ್ತು. ಅಂಥದ್ದು ಅವಳ ಕೈಯಲ್ಲಿ ಹಿಂದೆಂದೂ ಆಗಿರಲಿಲ್ಲ ಎಂದು ಉದ್ದಕಾಲ ಬೀದಿಗೆಲ್ಲ ಸಾರಿದ.

ಅಕ್ಕನ ಬಟ್ಟೆ ಎಂದರೆ ಒಂದು ಕಡುನೀಲಿ ಕೋಟು. ಯುದ್ಧಕ್ಕೆ ಹೋಗುವ ಮೊದಲು ಅಕ್ಕ ಇದೇ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಆ ಕೋಟನ್ನು ತಾನೇ ಕತ್ತರಿಸಿ ತಾನೇ ಹೊಲಿದುಕೊಂಡಿದ್ದಳು. ಪುಟ್ಟ ತಂಗಿಯ ಕಣ್ಣಿಗೆ ಆ ಕೋಟಿನಲ್ಲಿ ಅಕ್ಕ ಬಾಗಿಲಿನಷ್ಟು ಎತ್ತರ ಕಾಣುತ್ತಿದ್ದಳು. ತಾಯಿ ಹಾಸಿಗೆ ಹಿಡಿದ ವರ್ಷ ಪಿನ್ನಕ್ಕನಿಗೆ ಬಟ್ಟೆ ಬಿಸಿಲಿಗೆ ಹಾಕಲು ಬಿಡುವಾಗಲಿಲ್ಲ. ತಾಯಿ ಹೋದ ಮೇಲೆ ಕಪಾಟು ತೆರೆದರೆ ಬೇರೆಲ್ಲ ಬಟ್ಟೆ ಚೆನ್ನಾಗಿದ್ದವು, ಅಕ್ಕನ ಕೋಟನ್ನು ಮಾತ್ರ ನುಸಿ ಜರಡಿ ಮಾಡಿಟ್ಟಿತ್ತು. ತೇಪೆ ಹಾಕಬಹುದಿತ್ತು. ಬೇರೆ ಯಾರದಾದರೂ ಆಗಿದ್ದರೆ ಹಾಕುತ್ತಿದ್ದಳು. ಆದರೆ ಅಕ್ಕ ಬಂದಾಗ ತೇಪೆಯ ಕೋಟು ಕೈಗಿಡುವುದು ಹೇಗೆ? ಕೈಗೆ ಎರಡು ದುಡ್ಡು ಬಂದದ್ದೇ ಅದೇ ನೀಲಿಯ ಬಟ್ಟೆ ಹುಡುಕಿ ತಂದು, ಹಳೆಯದನ್ನು ಮೇಲಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದು, ಹೊಸದನ್ನು ಕತ್ತರಿಸಿದಳು. ಕೆಲವು ವರ್ಷದಲ್ಲಿ ಅದೂ ಮಾಸಿತು. ಅದನ್ನಿಟ್ಟು ಇನ್ನೊಂದು ಕತ್ತರಿಸಿದಳು. ಆಮೇಲೆ ಮತ್ತೊಂದು. ಒಂದೊಂದು ಸಲವೂ ಮೊದಲಿಗಿಂತ ನೀಟಾಗಿ ಬರುತ್ತಿತ್ತು. ಪಿನ್ನಕ್ಕ ಆ ಕೋಟಿನ ಬಗ್ಗೆ ಒಳಗೊಳಗೇ ಹೆಮ್ಮೆಪಡುತ್ತಿದ್ದಳು.

ಬಸ್ಸು ಬಂದ ಬೆಳಗ್ಗೆ ಅವಳು ಕನ್ನಡಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಉದ್ದಕಾಲ, ಇನ್ನೂ ಒರೆಸಿದರೆ ಆಚೆ ಗೋಡೆ ಕಾಣುತ್ತದೆ ಎಂದು ರೇಗಿಸಿದ. ಅವಳು ಹುಬ್ಬಿನಲ್ಲೇ ಅವನನ್ನು ಅಟ್ಟಿದಳು.

ಒಳಗೆ ಬಂದವಳು ಒಬ್ಬ ಹುಡುಗಿ. ಬಾಚಿಕೊಳ್ಳಲಾಗದಷ್ಟು ಗಿಡ್ಡ ಕೂದಲು, ಸಮವಸ್ತ್ರದ ಮೊಣಕೈ ಸವೆದು ಮಿರುಗುತ್ತಿತ್ತು. ಪಿನ್ನಕ್ಕನಿಗೆ ಮೊದಲು ಅನ್ನಿಸಿದ್ದು, ಎಷ್ಟು ಸಣ್ಣವಳು! ತನ್ನ ಭುಜದವರೆಗೆ ಮಾತ್ರ ಬರುತ್ತಾಳೆ. ಹುಡುಗಿ ಅಂಗಡಿಯನ್ನೆಲ್ಲ ಕಣ್ಣಾಡಿಸಿ, ಮುದುಕಿಯನ್ನು ನೋಡಿ, ವಿನಯದಿಂದ ಕೇಳಿದಳು.

"ಅಜ್ಜಿ, ಈ ಅಂಗಡಿಯವರು ಇದ್ದಾರಾ? ಅವರ ಮಗಳು... ಪುಟ್ಟಿ ಅಂತ."

ಪಿನ್ನಕ್ಕ ಎರಡೂ ಹುಬ್ಬು ಏರಿಸಿದಳು.

ಅದು ತಾಯಿಯಿಂದ ಬಂದ ಹುಬ್ಬು. ಹುಡುಗಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.  ಅಕ್ಕ ತಂಗಿಯ ಬಿಳಿಕೂದಲನ್ನು ಮುಟ್ಟಲು ಕೈಯೆತ್ತಿ, ದೊಡ್ಡವರ ತಲೆ ಮುಟ್ಟಿದಂತಾಗುತ್ತದೆಂದೋ ಏನೋ, ಅರ್ಧಕ್ಕೆ ಇಳಿಸಿದಳು. ಪಿನ್ನಕ್ಕ ಆ ಕೈಯನ್ನು ಹಿಡಿದು ತಾನೇ ತನ್ನ ತಲೆಯ ಮೇಲಿಟ್ಟುಕೊಂಡಳು.

ಟೀ ಕುಡಿಯುತ್ತಾ ಅಕ್ಕ ಯುದ್ಧದ ಮಾತು ಹೇಳಿದಳು. ಅವಳು ಹಡಗಿನ ಫಿರಂಗಿಯ ಮೇಲಿದ್ದಳು, ಜೊತೆಗೆ ಇನ್ನೊಬ್ಬಳು. ಗುರಿ ಹಿಡಿಯುವವಳು ಇವಳು, ಸಿಡಿಸುವವಳು ಅವಳು. ಅವರು ಹೊರಟಾಗ ಹಡಗಿನಲ್ಲಿದ್ದದ್ದು ಅಂದಿನ ಅತ್ಯುತ್ತಮ ಫಿರಂಗಿ. ತಲುಪುವಷ್ಟರಲ್ಲಿ ಶತ್ರುಗಳಿಗೆ ಎಷ್ಟೋ ವರ್ಷ ಸಿಕ್ಕಿತ್ತು, ಅವರು ಅದಕ್ಕಿಂತ ಮುಂದೆ ಹೋಗಿ ಅಂಥ ಫಿರಂಗಿಯನ್ನು ಮರೆತೇಬಿಟ್ಟಿದ್ದರು. ಅವರ ಹಡಗು ಕಂಡಿತು ಎನ್ನುವಷ್ಟರಲ್ಲಿ ಕಾಣಿಸುತ್ತಿರಲಿಲ್ಲ. ಇಡೀ ಕಾಳಗ ಒಂದು ಲೋಟ ಟೀ ಆರುವಷ್ಟು ಹೊತ್ತು. ಇವರ ಜೊತೆ ಹೊರಟ ಹಡಗುಗಳಲ್ಲಿ ಅರ್ಧ ಉಳಿಯಲಿಲ್ಲ. ತಾನೊಮ್ಮೆ ಗುರಿ ಹಿಡಿದದ್ದು ತಾಗಿತು, ತಾಗಿದ್ದು ಯಾವುದಕ್ಕೆ ಎಂದು ಇಂದಿಗೂ ಗೊತ್ತಿಲ್ಲ ಎಂದಳು. ಹೇಳುವಾಗ ಲೋಟವನ್ನು ಎರಡೂ ಕೈಯಲ್ಲಿ ಒತ್ತಿಹಿಡಿದಿದ್ದಳು.  ಲೋಟ ಖಾಲಿಯಾದಾಗ ಪಿನ್ನಕ್ಕ ತುಂಬಿಸಿದಳು.

ತನ್ನ ಜೊತೆಯವಳು ಬಸ್ಸಿನಿಂದ ಇಳಿಯಲೇ ಇಲ್ಲ ಎಂದೂ ಅಕ್ಕ ಹೇಳಿದಳು. ಅವಳಿಗೆ ಇಲ್ಲಿ ಯಾರೂ ಉಳಿದಿಲ್ಲ. ಸಂಜೆ ನೀನು ಬಂದೇ ಬರುತ್ತೀ ಎಂದು ಪಕ್ಕದ ಸೀಟಿನಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಾಳೆ.

ಪಿನ್ನಕ್ಕನಿಗೆ ಅರ್ಥವಾಯಿತು. ಅವಳು ಎದ್ದು ಕೋಟು ತಂದಳು.

ಅಕ್ಕ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿತ್ತು. ಬೆರಳ ತುದಿ ಬಿಟ್ಟರೆ ಕೈಯೇ ಕಾಣುತ್ತಿರಲಿಲ್ಲ. ಕನ್ನಡಿಯಲ್ಲಿದ್ದದ್ದು ಅಮ್ಮನ ಬಟ್ಟೆ ಹಾಕಿಕೊಂಡು ಆಟವಾಡುವ ಮಗು.

"ಇದು ಬೇರೆ ಯಾರದೋ, ಪುಟ್ಟಿ," ಎಂದಳು ಅಕ್ಕ. "ನೋಡ್ಕೊಂಡು ಕೊಡು."

ಪಿನ್ನಕ್ಕ ಕಾಲರು ಮಗುಚಿ ಗುರುತಿನ ದಾರ ತೋರಿಸಿದಳು. ಹಸಿರು ದಾರ, ಅಕ್ಕನದೇ. ಅಕ್ಕ ಕಾಜದ ಮೇಲೆ ಬೆರಳಾಡಿಸಿ ತಲೆಯಲ್ಲಾಡಿಸಿದಳು. "ನನ್ನ ಕಾಜ ಯಾವತ್ತು ಇಷ್ಟು ನೆಟ್ಟಗೆ ಬಂದಿತ್ತು ಹೇಳು? ಅಮ್ಮ ದಿನಾ ಬೈತಿದ್ದಳು. ಇದು ನನ್ನದಲ್ಲ."

 ಪಿನ್ನಕ್ಕ ಕೋಟಿನ ಅಂಚು ಹಿಡಿದು ನೋಡಿದಳು, ತನ್ನ ತಪ್ಪು ಕಣ್ಣಿಗೆ ಹೊಡೆದಂತೆ ಕಂಡಿತು. ಬಟ್ಟೆಯ ಸುತ್ತ ಸೀಮೆಸುಣ್ಣ ಎಳೆದರೆ ಗೆರೆ ಅಂಚಿನಿಂದ ಒಂದು ಕೂದಲೆಳೆ ಹೊರಗೆ ಬೀಳುತ್ತದೆ. ಆ ಗೆರೆಯ ಹೊರಗೆ ಕತ್ತರಿ ಹೋದರೆ ಇನ್ನೊಂದೆಳೆ. ಒಂದು ಸಲಕ್ಕೆ ಅದೇನೂ ಅಲ್ಲ. ನಕಲಿನ ನಕಲು, ಅದರ ನಕಲು ಮಾಡಿದರೆ ಕೋಟು ಬೆಳೆಯುತ್ತದೆ. ಪ್ರತಿ ಸಲ ಕತ್ತರಿಸುವಾಗಲೂ ಅವಳ ಕೈಗೆ ಅದು ದೊಡ್ಡದೆನ್ನಿಸಿರಲಿಲ್ಲ, ಏಕೆಂದರೆ ಅವಳ ನೆನಪಿನಲ್ಲಿದ್ದ ಅಕ್ಕ ಬಾಗಿಲಿನಷ್ಟು ಎತ್ತರದವಳು. ಬೇರೆಯವರ ಮಾಸಿದ ಬಟ್ಟೆಯ ಒಂದು ಹೊಲಿಗೆಯನ್ನೂ ಕಳೆಯದವಳು ಅಕ್ಕ ತಾನೇ ಹೊಲಿದ ಕೋಟಿನಲ್ಲಿ ಅವಳ ಒಂದು ಹೊಲಿಗೆಯನ್ನೂ ಉಳಿಸಿರಲಿಲ್ಲ.

ಇದನ್ನೆಲ್ಲ ಅವಳು ಅಕ್ಕನಿಗೆ ಹೇಳಿದಳು. ತಾಯಿಯ ಕಾಯಿಲೆ, ನುಸಿ, ಎಲ್ಲ.  ಅಕ್ಕ ಕೋಟಿನ ಗುಂಡಿ ಬಿಚ್ಚಲು ಹೋದಳು. ಆ ಕೈ ಪಿನ್ನಕ್ಕನಿಗೆ ಚಿರಪರಿಚಿತ. ಹೀಗೆ ಗುಂಡಿ ಬಿಚ್ಚಿದವರೆಲ್ಲ ಸಂಜೆ ಬಸ್ಸು ಹತ್ತಿದ್ದರು.

ಅವಳು ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ತಳ್ಳಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಚಿಕ್ಕವಳಿದ್ದಾಗ ಅಕ್ಕ ಇವಳನ್ನು ಹತ್ತಿಸಿ ಫ್ರಾಕಿನ ಅಳತೆ ತೆಗೆಯುತ್ತಿದ್ದ ಸ್ಟೂಲು. ಅಲುಗಿದರೆ ಪಿನ್ನು ಚುಚ್ಚುತ್ತೇನೆ ಎಂದು ಹೆದರಿಸಿ, ಅಲುಗದಿದ್ದರೂ ಒಮ್ಮೆ ಚುಚ್ಚುತ್ತಿದ್ದಳು. ಪಿನ್ನಕ್ಕ ಒಂದು ಹುಬ್ಬು ಏರಿಸಿದಳು. ಅಕ್ಕ ಅದನ್ನು ನೋಡಿ, ಬೇಡವೆನ್ನಲಾರದೆ, ಹತ್ತಿ ನಿಂತಳು.

ಭುಜದಿಂದ ಶುರುವಾಯಿತು. ಹೊಲಿಗೆ ಬಿಚ್ಚುವುದು, ಮಡಿಸುವುದು, ಪಿನ್ನು ಹಾಕುವುದು. ಬೆನ್ನಿನ ನಡುವೆ ಎಳೆದು ಕಟ್ಟುವಾಗ ಅಕ್ಕನ ಬೆನ್ನುಮೂಳೆ ಬಟ್ಟೆಯ ಮೇಲಿಂದಲೇ ಕೈಗೆ ಸಿಗುತ್ತಿತ್ತು. ಪಿನ್ನಕ್ಕನ ಬೆರಳು ಈಗೀಗ ನಡುಗುತ್ತಿದ್ದವು. ಆದರೂ ಪಿನ್ನು ಒಂದೇ ಸಲಕ್ಕೆ ನಾಟುತ್ತಿತ್ತು. ಅಕ್ಕ ಆ ಕೈಯನ್ನೇ ಕನ್ನಡಿಯಲ್ಲಿ ನೋಡುತ್ತಿದ್ದಳು. ತಾನು ಅಂಗಡಿ ಬಿಟ್ಟು ಹೋಗುವಾಗ ಈ ಕೈಗೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ, ಅಕ್ಕನೇ ಪೋಣಿಸಿ ಕೊಡುತ್ತಿದ್ದಳು.

"ನೀನು ಅಮ್ಮನಿಗಿಂತ ಚೆನ್ನಾಗಿ ಮಾಡ್ತೀಯ," ಎಂದಳು.

ಮಧ್ಯಾಹ್ನ ಇಳಿಯಿತು. ಕೆಳಗಿನ ಅಂಚಿಗೆ ಬರುವ ಮೊದಲೇ ಬಸ್ಸಿನ ಹಾರ್ನ್ ಕೇಳಿಸಿತು. ಪಿನ್ನಕ್ಕ ನೆಲದ ಮೇಲೆ ಮಂಡಿಯೂರಿದ್ದಳು. ತಲೆಯೆತ್ತಲಿಲ್ಲ.

"ಪುಟ್ಟಿ, ಏನು ಮಾಡಲಿ ಹೇಳು."

ಪಿನ್ನಕ್ಕ ಬಾಯಿಯ ಕಡೆ ಬೆರಳು ತೋರಿಸಿದಳು. ಬಾಯ್ತುಂಬ ಪಿನ್ನು.

"ಅಮ್ಮನ ಹಾಗೆ ಪಿನ್ನಿಟ್ಕೊಂಡು ತಪ್ಪಿಸ್ಕೋಬೇಡ ಕಣೆ. ಅವತ್ತು ಅವಳು ಒಂದು ಮಾತು ಹೇಳಿದ್ದರೆ ನಾನು ಹೋಗ್ತಾನೇ ಇರಲಿಲ್ಲ."

ಪಿನ್ನಕ್ಕನಿಗೆ ಇದು ಗೊತ್ತಿರಲಿಲ್ಲ. ತಾಯಿಗೂ ಗೊತ್ತಿರಲಿಲ್ಲ. ಪಿನ್ನಕ್ಕ ತಾಯಿಯ ಎರಡು ನಿಯಮಗಳಲ್ಲಿ ಒಂದನ್ನು ಆಗಲೇ ಮುರಿದು ಇಷ್ಟು ದೊಡ್ಡ ಕೋಟು ಮಾಡಿಟ್ಟಿದ್ದಳು. ಮೆಟ್ಟಿಲ ಮೇಲೆ ಕೂತು ಸತ್ತವನ ನೆನಪಾಯಿತು. ಒಂದೊಂದೇ ಪಿನ್ನನ್ನು ಬಾಯಿಂದ ತೆಗೆದು ಸ್ಟೂಲಿನ ಅಂಚಿನಲ್ಲಿ, ಅಕ್ಕನ ಕಾಲಬೆರಳಿನ ಪಕ್ಕ, ಇಟ್ಟಳು. ಕೊನೆಯದನ್ನು ತೆಗೆದ ಮೇಲೆ ತುಟಿ ಒರೆಸಿಕೊಂಡಳು.

"ಹೋಗಬೇಡ," ಎಂದಳು. ಪಿನ್ನಿಲ್ಲದ ಅವಳ ದನಿ ಅವಳಿಗೇ ಹೊಸದಾಗಿತ್ತು. "ಇರು ಅಕ್ಕ."

"ಇದ್ದು? ನಾನು ಹೋದಾಗ ನೀನು ನನ್ನ ಸೊಂಟ ಹಿಡ್ಕೊಂಡು ಓಡಾಡ್ತಿದ್ದೆ. ಈಗ ನನಗಿಂತ ಮೊದಲು ನೀನು ಹೋಗ್ತೀಯ. ಆಮೇಲೆ ಒಬ್ಬಳೇ ಹೇಗಿರಲಿ?"

"ಒಬ್ಬಳೇ ಇರೋದು ಹೇಗೆ ಅಂತ ನನಗೆ ಗೊತ್ತು. ಅದನ್ನೂ ಕಲಿಸಿಯೇ ಹೋಗ್ತೀನಿ."

ಅಕ್ಕ ನಗಲು ಹೋಗಿ ನಗಲಾರದೆ ಸ್ಟೂಲಿನಿಂದ ಇಳಿದಳು. ಹಾರ್ನ್ ಮತ್ತೆ ಹೊಡೆಯಿತು. ಅವಳು ಬಾಗಿಲ ಕಡೆ ನಡೆದಳು. ಮೈತುಂಬ ಪಿನ್ನು, ಹಾಗಾಗಿ ಎರಡೂ ತೋಳು ಚಾಚಿಕೊಂಡು ಹೊಲದ ಬೆದರುಬೊಂಬೆಯ ಹಾಗೆ ಹೋದಳು.

ಪಿನ್ನಕ್ಕ ಏಳಲಿಲ್ಲ. ಹೇಳುವುದನ್ನು ಹೇಳಿಯಾಗಿತ್ತು. ಹೊರಗೆ ಬಸ್ಸಿನ ಇಂಜಿನ್ನು ಗುರುಗುಟ್ಟುತ್ತಿತ್ತು. ಯಾರೋ ಜೋರಾಗಿ ನಕ್ಕದ್ದು ಕೇಳಿಸಿತು. ಬಸ್ಸಿನ ಕಿಟಕಿಯಿಂದ ಬಗ್ಗಿ ಅಪ್ಪಿಕೊಳ್ಳಲು ಹೋದ ಜೊತೆಯವಳಿಗೆ ಪಿನ್ನು ಚುಚ್ಚಿತಂತೆ. ಅತ್ತುಕೊಂಡೇ ಬೈದಳಂತೆ, ಯುದ್ಧದಲ್ಲಿ ಆಗದ ಗಾಯ ಇಲ್ಲಿ ಆಯಿತು ಎಂದು. ಉದ್ದಕಾಲ ಬಸ್ಸಿನ ಹತ್ತಿರ ಹೋಗಿ ಆ ಹುಡುಗಿಗೂ ಇಳಿಯಲು ಹೇಳಿದನಂತೆ. ಅವಳು ತಲೆಯಲ್ಲಾಡಿಸಿ, ಪಕ್ಕದ ಸೀಟಿನ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳಂತೆ. ಇದೆಲ್ಲ ಪಿನ್ನಕ್ಕನಿಗೆ ಆಮೇಲೆ ತಿಳಿದದ್ದು. ಆಗ ಅವಳಿಗೆ ಕೇಳಿಸಿದ್ದು ಆ ನಗು, ಆಮೇಲೆ ಬಸ್ಸು ಹೊರಟ ಸದ್ದು ಮಾತ್ರ. ಅವಳು ಸ್ಟೂಲಿನ ಅಂಚಿನಲ್ಲಿದ್ದ ಪಿನ್ನುಗಳನ್ನು ನೋಡುತ್ತಾ ಕೂತಿದ್ದಳು.

ಎರಡು ಬರಿಗಾಲು ಬಂದು ಸ್ಟೂಲು ಹತ್ತಿದವು.

"ಕೆಳಗಿನ ಅಂಚು ಬಾಕಿ ಇದೆ," ಎಂದಿತು ಮೇಲಿನಿಂದ ಅಕ್ಕನ ದನಿ. ಅಳು ಇನ್ನೂ ಇಳಿದಿರಲಿಲ್ಲ. "ಚುಚ್ಚಬೇಡ ಮತ್ತೆ."

ಪಿನ್ನಕ್ಕ ಒಮ್ಮೆ ಚುಚ್ಚಿದಳು. ಹಳೆಯ ಬಾಕಿ.

ಅಂದಿನಿಂದ ಆ ಅಂಗಡಿಗೆ ಹೊಸದಾಗಿ ಬಂದವರು ತಬ್ಬಿಬ್ಬಾಗುತ್ತಿದ್ದರು. ಬಿಳಿಕೂದಲಿನಾಕೆ ಹುಡುಗಿಯನ್ನು ಅಕ್ಕ ಎನ್ನುತ್ತಾಳೆ, ಹುಡುಗಿ ಅವಳನ್ನು ಪುಟ್ಟಿ ಎಂದು ಗದರುತ್ತಾಳೆ, ಮುದುಕಿ ಬೈಸಿಕೊಂಡು ಖುಷಿಯಾಗಿರುತ್ತಾಳೆ. ಕೆಲವು ಬೆಳಗ್ಗೆ ಅಕ್ಕ ಮೆಟ್ಟಿಲ ಮೇಲೆ ಬಯಲಿನ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದಳು. ಆಗ ಪಿನ್ನಕ್ಕ ಒಳಗಿನಿಂದ ಹೊಲಿಗೆ ಬಿಚ್ಚಬೇಕಾದ ಒಂದು ರಾಶಿ ಬಟ್ಟೆ ತಂದು ಅವಳ ಮಡಿಲಿಗೆ ಹಾಕಿ, ತಾನೂ ಪಕ್ಕದಲ್ಲಿ ಕೂರುತ್ತಿದ್ದಳು. ಬಂದ ಸೈನಿಕರಿಗೆ ಅವಳು ಈಗ ಇರು ಎನ್ನುತ್ತಿದ್ದಳು. ಒಮ್ಮೆ ಮಾತ್ರ, ಪಿನ್ನು ತೆಗೆದಿಟ್ಟು. ಕೆಲವರು ಉಳಿದರು, ಹೆಚ್ಚಿನವರು ಹೋದರು.

ನೀಲಿ ಕೋಟಿನ ಕಾಜಗಳನ್ನು ಮಾತ್ರ ಅಕ್ಕ ಯಾರಿಗೂ ಮುಟ್ಟಲು ಬಿಡಲಿಲ್ಲ. ನೆಟ್ಟಗಿದ್ದವನ್ನೆಲ್ಲ ಬಿಚ್ಚಿ ತಾನೇ ಹೊಲಿದಳು. ಒಂದು ಮೇಲೆ, ಒಂದು ಕೆಳಗೆ, ಅವಸರದ ಸೊಟ್ಟ ಕಾಜಗಳು. ಪಿನ್ನಕ್ಕ ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದಳು. ಅವಳ ಬಾಯಲ್ಲಿ ಪಿನ್ನುಗಳಿದ್ದವು. ಹುಬ್ಬು ಏರಲಿಲ್ಲ. ಕೋಟನ್ನು ಇಸ್ತ್ರಿ ಮಾಡಿ, ಕಪಾಟಿನಲ್ಲಿಡದೆ, ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದಳು.